ಚಿಕ್ಕ ಲೇತ್‌ಗೆ ಮೊದಲ ಚಕ್ ಯಾವುದು ತೆಗೆದುಕೊಳ್ಳಲಿ?

ಬೋಗಾದಿ ಹೊಸಬ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಬೋಗಾದಿ ಕಡೆಯವನು, ಬ್ಯಾಂಕಿನಲ್ಲಿ ಕೆಲಸ. ಐದು ತಿಂಗಳ ಹಿಂದೆ ಮರ ತಿರುಗಿಸಿ ಕಡೆಯುವ ಒಂದು ಸೆಕೆಂಡ್ ಹ್ಯಾಂಡ್ ಲೇತ್ ತೆಗೆದುಕೊಂಡೆ. ಮೇಜಿನ ಮೇಲೆ ಇಡುವಂಥದ್ದು. ಹತ್ತು ಇಂಚು ಅಗಲದ ತುಂಡು ತಿರುಗುವಷ್ಟು ಜಾಗ ಇದೆ. ಜೊತೆಗೆ ಬಂದದ್ದು ಮರದ ಎರಡು ತುದಿ ಹಿಡಿಯಲು ಒಂದು ಸ್ಪರ್ ಸೆಂಟರ್, ಒಂದು ಲೈವ್ ಸೆಂಟರ್, ಸ್ಕ್ರೂ ಹಾಕಿ ಮರ ಹಿಡಿಸುವ ಅಂಗೈಯಗಲದ ಒಂದು ಫೇಸ್‌ಪ್ಲೇಟ್. ಅಷ್ಟೇ.

ಇಲ್ಲಿಯವರೆಗೆ ನಾಲ್ಕು ಲಟ್ಟಣಿಗೆ, ಒಂದು ಕಡಗೋಲು ಕಡೆದಿದ್ದೇನೆ. ಕಡಗೋಲಿನ ತಲೆ ಸ್ವಲ್ಪ ಸೊಟ್ಟ. ಆದರೂ ಅಮ್ಮ ಅದರಲ್ಲೇ ಮಜ್ಜಿಗೆ ಕಡೆಯುತ್ತಿದ್ದಾರೆ. ಈಗ ಬಟ್ಟಲು ಮಾಡುವ ಆಸೆ. ಪಾಂಡವಪುರದ ಹತ್ತಿರ ಅತ್ತೆ ಮನೆ ತೋಟದಲ್ಲಿ ಒಂದು ಹಲಸಿನ ಮರ ಬಿತ್ತು. ಅದರ ಮೂರು ತುಂಡು ತಂದಿಟ್ಟಿದ್ದೇನೆ. ದಸರಾ ಹೊತ್ತಿಗೆ ಮಗಳ ಬೊಂಬೆ ಸಾಲಿಗೆ ಪುಟ್ಟ ಪಾತ್ರೆ, ಬಿಂದಿಗೆ ಕೂಡ ಮಾಡಿಕೊಡುತ್ತೇನೆ ಅಂತ ಮಾತು ಕೊಟ್ಟುಬಿಟ್ಟಿದ್ದೇನೆ.

ಬಟ್ಟಲಿಗೆ ಚಕ್, ಅಂದರೆ ಮರವನ್ನು ಒಂದೇ ಕಡೆಯಿಂದ ಕಚ್ಚಿ ಹಿಡಿಯುವ ಸಾಧನ, ಬೇಕು ಅಂತಾರೆ. ಆನ್‌ಲೈನ್‌ನಲ್ಲಿ ನೋಡಿದರೆ ತಲೆ ತಿರುಗುತ್ತದೆ. ಹೆಸರಿಲ್ಲದ್ದಕ್ಕೂ ಹೆಸರಾದದ್ದಕ್ಕೂ ಆರೇಳು ಪಟ್ಟು ಬೆಲೆ ವ್ಯತ್ಯಾಸ. ಪಕ್ಕದ ಮನೆಯವರು ಫ್ಯಾಕ್ಟರಿಯಲ್ಲಿದ್ದು ರಿಟೈರ್ ಆದವರು. "ಒಂದು ಹಳೇ ತ್ರೀ-ಜಾ ಚಕ್ ಸುಮ್ನೆ ಬಿದ್ದಿದೆ, ತಗೊಂಡು ಹೋಗಪ್ಪಾ" ಅಂದರು. ಅದನ್ನೇ ಹಾಕಿಕೊಂಡರೆ ಆಗಲ್ವಾ?

ಹೆಬ್ಬಾಳ ಟರ್ನರ್

ಆಗಲ್ಲ ಸಾರ್.

ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ 22 ವರ್ಷದಿಂದ ಕಬ್ಬಿಣ ಕಡೆಯುತ್ತಿದ್ದೇನೆ. ತ್ರೀ-ಜಾ ಚಕ್ ನನಗೆ ಅನ್ನ ಹಾಕಿದ ವಸ್ತು. ಆದರೂ ಮರಕ್ಕೆ ಬೇಡ ಅಂತೀನಿ. ಅದು ಉಕ್ಕು ಹಿಡಿಯೋಕೆ ಮಾಡಿದ್ದು. ಜಾ, ಅಂದರೆ ಕಚ್ಚಿ ಹಿಡಿಯುವ ದವಡೆ, ಕಿರಿದಾಗಿರುತ್ತದೆ. ಮರವನ್ನು ಮೂರೇ ಕಡೆ ಕಚ್ಚುತ್ತದೆ. ಬಿಗಿ ಮಾಡಿದಷ್ಟೂ ಆ ಮೂರು ಕಡೆ ಮರ ನಜ್ಜುತ್ತದೆ. ನಜ್ಜಿದಷ್ಟೂ ಹಿಡಿತ ಸಡಿಲ. ಮತ್ತೆ ಬಿಗಿ ಮಾಡ್ತೀರಿ, ಮತ್ತೆ ನಜ್ಜುತ್ತದೆ.

ಇನ್ನೊಂದು ವಿಷಯ. ಅದರ ಜಾ ಮೆಟ್ಟಿಲು ಮೆಟ್ಟಿಲಾಗಿ ಹೊರಗೆ ಚಾಚಿಕೊಂಡಿರುತ್ತದೆ. ನಮ್ಮ ಲೇತ್‌ನಲ್ಲಿ ಟೂಲನ್ನು ಟೂಲ್ ಪೋಸ್ಟ್ ಹಿಡಿಯುತ್ತದೆ, ಕೈ ದೂರ ಇರುತ್ತದೆ. ನಿಮ್ಮಲ್ಲಿ ಉಳಿ ಕೈಯಲ್ಲೇ ಅಲ್ವಾ? ಬೆರಳ ಗೆಣ್ಣಿಗೂ ಚಕ್‌ಗೂ ನಡುವೆ ಇರೋದು ನಾಲ್ಕು ಬೆರಳಷ್ಟು ಜಾಗ. ಸಾಲದ್ದಕ್ಕೆ ಆ ಚಕ್ ಭಾರ. ನಿಮ್ಮ ಪುಟ್ಟ ಲೇತ್‌ನ ಬೇರಿಂಗ್ ಪಾಡು ಏನಾಗಬೇಕು? ಪಕ್ಕದ ಮನೆಯವರಿಗೆ ಥ್ಯಾಂಕ್ಸ್ ಹೇಳಿ, ಕಾಫಿ ಕುಡಿದು ಬನ್ನಿ.

ಚಕ್ ನೋಡುವ ಮುಂಚೆ ಸ್ಪಿಂಡಲ್ ಥ್ರೆಡ್ ನೋಡಿ, ಅಂದರೆ ಚಕ್ ತಿರುಗಿಸಿ ಕೂರಿಸುವ ಲೇತ್ ದಂಡದ ಸುತ್ತುಗೆರೆ. ಎಲ್ಲ ಅಲ್ಲಿಂದ ಶುರು. ವರ್ನಿಯರ್ ಇದ್ದರೆ ಹೊರ ಅಳತೆ ತೆಗೆಯಿರಿ. 25 ಮಿ.ಮೀ. ಚಿಲ್ಲರೆ ಬಂದರೆ ಒಂದು ಇಂಚಿನದು. 33ರ ಹತ್ತಿರ ಬಂದರೆ ಎಂ33, ಅಂದರೆ 33 ಮಿ.ಮೀ. ಮೆಟ್ರಿಕ್ ಥ್ರೆಡ್. ನಡುವೆ 31.75ರ ಹತ್ತಿರ ಬಂದರೆ ಒಂದೂಕಾಲು ಇಂಚು. ಈ ಕೊನೆಯ ಎರಡನ್ನು ಸ್ಕೂಲ್ ಸ್ಕೇಲಿನಲ್ಲಿ ಅಳೆದು ಮೋಸ ಹೋದವರು ಬೇಕಾದಷ್ಟು ಜನ. ಅಗ್ಗದ ಪುಟ್ಟ ಲೇತ್‌ಗಳಲ್ಲಿ ಇನ್ನೂ ಸಣ್ಣ ಥ್ರೆಡ್ ಇರುವುದೂ ಉಂಟು.

ಆಮೇಲೆ ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ. ಪಿಚ್ ಗೇಜ್ ಇಲ್ಲದಿದ್ದರೆ ಒಂದು ಹಾಳೆ ತುಂಡನ್ನು ಥ್ರೆಡ್ ಮೇಲೆ ಒತ್ತಿ ಉಗುರಿನಲ್ಲಿ ಉಜ್ಜಿ. ಗೆರೆ ಮೂಡುತ್ತವೆ. ಒಂದು ಗೆರೆಯಿಂದ ಆರನೇ ಗೆರೆಗೆ ಅಳೆಯಿರಿ, ಅಂದರೆ ಐದು ಸಂದು. 16 ಮಿ.ಮೀ. ಬಂದರೆ ಇಂಚಿಗೆ 8 ಥ್ರೆಡ್. 17.5 ಬಂದರೆ 3.5ರ ಪಿಚ್. ಬರೆದುಕೊಂಡು ಇಲ್ಲಿ ಹಾಕಿ.

ಬೋಗಾದಿ ಹೊಸಬ

ಅಳೆದೆ ಸಾರ್. ಹೊರ ಅಳತೆ 25.2. ಹಾಳೆಯಲ್ಲಿ ಐದು ಸಂದಿಗೆ 16, ಕೂದಲೆಳೆ ಕಡಿಮೆ. ಹಾಳೆಗೆ ಎಟಿಎಂ ಚೀಟಿ ಬಳಸಿದೆ. ಉಗುರಿನಲ್ಲಿ ಉಜ್ಜಿದ ಕಡೆಯೆಲ್ಲ ಕಪ್ಪು ಗೆರೆ ಎದ್ದು ಸೊಗಸಾಗಿ ಕಾಣಿಸಿತು.

ಹೆಬ್ಬಾಳ ಟರ್ನರ್

ಹಾಗಾದರೆ ಒಂದು ಇಂಚು, 8 ಟಿಪಿಐ, ಅಂದರೆ ಇಂಚಿಗೆ 8 ಥ್ರೆಡ್. ಒಳ್ಳೇದಾಯಿತು. ಚಿಕ್ಕ ಲೇತ್‌ಗಳಲ್ಲಿ ಜಾಸ್ತಿ ಸಿಗುವ ಅಳತೆ ಅದೇ. ಎಟಿಎಂ ಚೀಟಿ ಐಡಿಯಾ ನಮಗೂ ಹೊಳೆದಿರಲಿಲ್ಲ.

ಕಡಸಲು ಮೇಷ್ಟ್ರು

ಶ್ರೀರಂಗಪಟ್ಟಣದಿಂದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಹೊಟ್ಟೆಗೆ ಹಾಕಿಕೊಳ್ಳಿ.

ನಿಮಗೆ ಬೇಕಾಗಿರುವುದು ಮರಗೆಲಸದ ಫೋರ್-ಜಾ ಸ್ಕ್ರೋಲ್ ಚಕ್. ಕೀ ತಿರುಗಿಸಿದರೆ ನಾಲ್ಕು ಜಾ ಒಟ್ಟಿಗೆ ಒಳಗೆ ಬರುತ್ತವೆ, ಒಟ್ಟಿಗೆ ಹೊರಗೆ ಹೋಗುತ್ತವೆ. ತುಂಡು ತಾನಾಗಿ ಮಧ್ಯಕ್ಕೆ ಕೂರುತ್ತದೆ. ಕಬ್ಬಿಣದವರ ಹತ್ತಿರವೂ ಫೋರ್-ಜಾ ಅಂತ ಒಂದಿರುತ್ತದೆ. ಅದರಲ್ಲಿ ಒಂದೊಂದು ಜಾ ಬೇರೆ ಬೇರೆ ತಿರುಗಿಸಬೇಕು. ಹೆಸರು ನೋಡಿ ಅದನ್ನು ತಂದುಬಿಟ್ಟೀರಿ.

ಇದು ಮರವನ್ನು ಎರಡು ತರಹ ಹಿಡಿಯುತ್ತದೆ. ಬಟ್ಟಲಿನ ತಳದಲ್ಲಿ ಒಂದು ಗುಂಡನೆಯ ಗೂಟ ಬಿಟ್ಟರೆ ಹೊರಗಿನಿಂದ ಅಮುಕಿ ಹಿಡಿಯುತ್ತದೆ. ಅದನ್ನು ಟೆನನ್ ಅಂತಾರೆ. ತಳದಲ್ಲಿ ಗುಳಿ ತೆಗೆದರೆ ಒಳಗಿನಿಂದ ಅರಳಿ ಹಿಡಿಯುತ್ತದೆ. ನಾನು ಹೊಸಬರಿಗೆ ಗೂಟವನ್ನೇ ಹೇಳುತ್ತೇನೆ. ಗುಳಿಯಲ್ಲಿ ಜಾ ಹೊರಕ್ಕೆ ತಳ್ಳುತ್ತದೆ. ಸುತ್ತ ಮರ ತೆಳುವಾಗಿದ್ದರೆ ಎಳೆಯ ಉದ್ದಕ್ಕೆ ಸೀಳಿಬಿಡುತ್ತದೆ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಯಾವ ಚಕ್ ಅಂತ ಎಲ್ಲರೂ ಕೇಳುತ್ತಾರೆ. ಗೂಟ ಹೇಗಿರಬೇಕು ಅಂತ ಯಾರೂ ಕೇಳುವುದಿಲ್ಲ. ಬಟ್ಟಲು ಹಾರಿ ಹೋಗುವುದು ಚಕ್ ತಪ್ಪಿನಿಂದ ತೀರಾ ಕಡಿಮೆ, ಗೂಟದ ತಪ್ಪಿನಿಂದ ಜಾಸ್ತಿ.

ಜಾ ನಾಲ್ಕೂ ಸೇರಿ ಪೂರ್ತಿ ವೃತ್ತ ಆಗುವುದು ಒಂದೇ ಒಂದು ಅಳತೆಯಲ್ಲಿ, ಹೆಚ್ಚುಕಡಿಮೆ ಮುಚ್ಚಿಕೊಂಡಾಗ. ಆಗ ಜಾ ಒಳಮೈ ಪೂರ್ತಿ ಮರಕ್ಕೆ ಅಂಟುತ್ತದೆ. ಜಾಸ್ತಿ ತೆರೆದಷ್ಟೂ ಒಂದೊಂದು ಜಾದ ಎರಡು ಮೂಲೆ ಮಾತ್ರ ಕಚ್ಚುತ್ತವೆ. ನಾಲ್ಕು ಜಾ, ಎಂಟು ಮೂಲೆ. ಎಂಟು ಹಲ್ಲಿನ ಗುರುತು ಕಂಡರೆ ಗೂಟ ದಪ್ಪ ಆಯಿತು ಅಂತ ಅರ್ಥ. 50 ಮಿ.ಮೀ. ಜಾ ಆದರೆ ಗೂಟ 52ರಿಂದ 55ರ ಒಳಗಿರಲಿ.

ಗೂಟದ ತುದಿ ಚಕ್‌ನ ಒಳತಳಕ್ಕೆ ತಾಗಬಾರದು. ಗೂಟದ ಬುಡದಲ್ಲಿ ಸುತ್ತ ಒಂದು ಚಪ್ಪಟೆ ಹೆಗಲು ಬಿಡಿ. ಆ ಹೆಗಲು ಜಾದ ಮುಖದ ಮೇಲೆ ಕೂರಬೇಕು. ಭಾರ ಹೊರುವುದು ಹೆಗಲು. ಗೂಟದ ಕೆಲಸ ಹೆಗಲನ್ನು ಅಲ್ಲಿಗೆ ಎಳೆದು ಹಿಡಿಯುವುದು, ಅಷ್ಟೇ. ಎಂಟು ಇಂಚಿನ ಬಟ್ಟಲಿಗೆ ಗೂಟ ಏಳೆಂಟು ಮಿ.ಮೀ. ಎತ್ತರ ಸಾಕು. ಜಾ ಒಳಮೈ ಓರೆಯಾಗಿದ್ದರೆ ಗೂಟವನ್ನೂ ಅಷ್ಟೇ ಓರೆ ಮಾಡಿ, ಬುಡದಲ್ಲಿ ಸ್ವಲ್ಪ ಸಣ್ಣ, ತುದಿಯಲ್ಲಿ ದಪ್ಪ. ಹೆಗಲು ಸೇರುವ ಮೂಲೆಯಲ್ಲಿ ಎಳೆ ಚೂರು ಉಳಿಯಬಾರದು. ಒಂದು ಸಿಪ್ಪೆ ಅಲ್ಲಿ ಸಿಕ್ಕಿಕೊಂಡರೂ ತುಂಡು ಅಲುಗಾಡುತ್ತದೆ.

ಸೋಮನಾಥಪುರ ಗುಡಿಯ, ಲೇತ್‌ನಲ್ಲಿ ಕಡೆದಂತಿರುವ ಕಂಬಗಳನ್ನು ನೋಡಿದಾಗೆಲ್ಲ ನನಗೆ ಒಂದೇ ಯೋಚನೆ. ಅಷ್ಟು ಭಾರದ ಕಲ್ಲನ್ನು ಹೇಗೆ ಹಿಡಿದಿದ್ದರಪ್ಪಾ ಅಂತ. ಇರಲಿ, ಆ ಮಾತು ಬೇರೆ.

ಮಂಡ್ಯ ಮಾವು

ಮೇಷ್ಟ್ರು ಹೇಳಿದ್ದು ಅಕ್ಷರಕ್ಷರ ನಿಜ. ನನ್ನ ಕಥೆ ಕೇಳಿ.

ಕಳೆದ ವರ್ಷ ಸೌದೆಗೆ ಹೋಗುತ್ತಿದ್ದ ಮಾವಿನ ತುಂಡು ಒಂದು ಸಿಕ್ಕಿತು. ಒಂಬತ್ತು ಇಂಚು. ಚಕ್ ಒಳ್ಳೇದೇ ಇತ್ತು, ತಮ್ಮ ಹೊರದೇಶದಿಂದ ತಂದುಕೊಟ್ಟಿದ್ದ. ನಾನು ಗೂಟ ಉದ್ದ ಇದ್ದಷ್ಟೂ ಗಟ್ಟಿ ಅಂದುಕೊಂಡು ಒಂದು ಇಂಚು ಬಿಟ್ಟೆ. ಅದು ಹೋಗಿ ಚಕ್‌ನ ತಳಕ್ಕೆ ತಾಗಿ ನಿಂತಿತು. ಹೆಗಲಿಗೂ ಜಾದ ಮುಖಕ್ಕೂ ನಡುವೆ ಒಂದು ರೂಪಾಯಿ ನಾಣ್ಯ ತೂರುವಷ್ಟು ಸಂದು. ನೋಡಿದೆ, ನೋಡಿಯೂ ಬಿಟ್ಟೆ. ಜೊತೆಗೆ ಗೂಟ ಇದ್ದದ್ದು ಹೊರಗಿನ ಬಿಳಿ ಮರದಲ್ಲಿ. ಹುಳ ಹಿಡಿದು ಮೆತ್ತಗಾಗಿತ್ತು.

ಒಳಗೆ ತೋಡುತ್ತಿದ್ದೆ. ಗೌಜ್, ಅಂದರೆ ತೋಡುವ ಉಳಿ, ಒಂದು ಸಲ ಕಚ್ಚಿತು. ಟಕ್ ಅಂತ ಒಂದು ಸದ್ದು. ಮೋಟರ್ ತಿರುಗುತ್ತಲೇ ಇದೆ, ಚಕ್‌ನಲ್ಲಿ ಗೂಟ ಹಾಗೇ ಕೂತಿದೆ, ಬಟ್ಟಲು ಮಾತ್ರ ಇಲ್ಲ. ಎಡಗಡೆ ಶೀಟಿಗೆ ಬಡಿದು, ಟ್ಯೂಬ್‌ಲೈಟ್ ಒಡೆದು, ಅಂಗಳದಲ್ಲಿ ನಾಯಿ ತಟ್ಟೆ ಪಕ್ಕ ಬಿದ್ದಿತ್ತು. ನಾನು ಎದುರಿಗೆ ನಿಂತಿರಲಿಲ್ಲ, ಪಕ್ಕಕ್ಕಿದ್ದೆ. ಫೇಸ್ ಶೀಲ್ಡ್ ಹಾಕಿದ್ದೆ. ಆ ಎರಡು ಇಲ್ಲದಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಾಯಿ ಎರಡು ದಿನ ಆ ಕಡೆ ಬರಲಿಲ್ಲ.

ಕಡಸಲು ಮೇಷ್ಟ್ರು

ಅಯ್ಯೋ ತಾಯಿ. ಎಷ್ಟು ವೇಗದಲ್ಲಿ ಓಡಿಸುತ್ತಿದ್ದಿರಿ?

ಮಂಡ್ಯ ಮಾವು

ನಿಮಿಷಕ್ಕೆ 1500 ಸುತ್ತು ಅಂತ ಕಾಣುತ್ತೆ ಮೇಷ್ಟ್ರೇ. ಲಟ್ಟಣಿಗೆ ಮಾಡಿ ಬೆಲ್ಟ್ ಬದಲಾಯಿಸಿರಲಿಲ್ಲ.

ಕಡಸಲು ಮೇಷ್ಟ್ರು

ಜಾಸ್ತಿ ಆಯಿತು. ಹೊಸಬರೇ, ಒಂದು ಲೆಕ್ಕ ಬರೆದುಕೊಳ್ಳಿ. ತುಂಡಿನ ಅಗಲ ಇಂಚಿನಲ್ಲಿ, ಅದಕ್ಕೆ ಆರ್‌ಪಿಎಂ ಗುಣಿಸಿ. ಉತ್ತರ 6000ದಿಂದ 9000ದ ಒಳಗಿರಬೇಕು. ಎಂಟು ಇಂಚಿಗೆ 750ರಿಂದ 1100. ಅದೂ ತುಂಡು ಗುಂಡಾದ ಮೇಲೆ. ಇನ್ನೂ ಮೂಲೆ ಮೂಲೆ ಇರುವಾಗ ಲೇತ್‌ನ ಅತಿ ಕಡಿಮೆ ವೇಗದಿಂದ ಶುರು ಮಾಡಿ, ನಡುಗದಿದ್ದರೆ ಮಾತ್ರ ಏರಿಸಿ. ತುಂಡಿನ ಇನ್ನೊಂದು ತುದಿಗೆ ಆಸರೆ ಕೊಡುವ ಟೇಲ್‌ಸ್ಟಾಕ್ ಅಡ್ಡ ಬರುವವರೆಗೂ ಅದನ್ನು ತೆಗೆಯಬೇಡಿ.

ಎರಡು ಕಡ್ಡಿ

ಎಲ್ಲರೂ ಕೀ ಇರೋ ಚಕ್ ಅಂತಲೇ ಮಾತಾಡುತ್ತಿದ್ದೀರಿ. ಎರಡು ಕಡ್ಡಿ ತೂರಿಸಿ ತಿರುಗಿಸುವ ಚಕ್ ಕೂಡ ಇದೆ, ಟಾಮಿ ಬಾರ್ ಅಂತಾರೆ. ಬೆಲೆ ಕಡಿಮೆ. ಹಗುರ. ನಾನು ಏಳು ವರ್ಷದಿಂದ ಅದರಲ್ಲೇ ಕುಂಕುಮದ ಭರಣಿ ಮಾಡುತ್ತಿದ್ದೇನೆ. ಚಿಕ್ಕ ಲೇತ್‌ಗೆ ಅದೇ ಸರಿ.

ಹೆಬ್ಬಾಳ ಟರ್ನರ್

ಅಣ್ಣಾ, ಎರಡು ಕೈಯಲ್ಲೂ ಕಡ್ಡಿ ಹಿಡಿದರೆ ಮರ ಹಿಡಿಯೋರು ಯಾರು?

ಎರಡು ಕಡ್ಡಿ

ಒಂದು ಕಡ್ಡಿಯನ್ನು ಲೇತ್‌ನ ಬೆಡ್‌ಗೆ ಒರಗಿಸಿದರೆ ಆಯಿತು. ಅಭ್ಯಾಸ ಆಗುತ್ತೆ.

ಮಂಡ್ಯ ಮಾವು

ಭರಣಿಗೆ ಸರಿ ಅಣ್ಣ, ಅಂಗೈಲಿ ಕೂರುತ್ತೆ. ಹಸಿ ಹಲಸಿನ ಎಂಟು ಇಂಚಿನ ತುಂಡು ಎತ್ತಿ ಹಿಡಿದು ಕಡ್ಡಿ ಒರಗಿಸೋಕೆ ಮೂರನೇ ಕೈ ಬೇಕು. ನನ್ನ ಓಟು ಕೀಗೆ.

ಎರಡು ಕಡ್ಡಿ

ದೊಡ್ಡ ಬಟ್ಟಲಿಗೆ ಒಪ್ಪಿದೆ. ಭರಣಿಗೆ ಬಿಟ್ಟುಕೊಡಲ್ಲ.

ಚನ್ನಪಟ್ಟಣದ ಅಳಿಯ

ನಾನು ಮಂಡ್ಯದವನು, ಹೆಂಡತಿ ಮನೆ ಚನ್ನಪಟ್ಟಣ. ಇಷ್ಟೊಂದು ಚರ್ಚೆ ನೋಡಿ ನಗು ಬಂತು. ಅಲ್ಲಿ ನಾನು ನೋಡಿರುವ ಕಾರ್ಖಾನೆಗಳಲ್ಲಿ ಸ್ಕ್ರೋಲ್ ಚಕ್ ಇಲ್ಲ. ಲೇತ್‌ನ ತಿರುಗುವ ತಲೆಗೆ, ಅಂದರೆ ಹೆಡ್‌ಸ್ಟಾಕ್‌ಗೆ, ಒಂದು ಕಬ್ಬಿಣದ ಟೊಳ್ಳು ಬಟ್ಟಲು. ಆಲೆ ಮರದ ತುಂಡಿನ ತುದಿಯನ್ನು ಮಚ್ಚಿನಲ್ಲಿ ಕೆತ್ತಿ ಸಣ್ಣ ಮಾಡುತ್ತಾರೆ. ಅದನ್ನು ಟೊಳ್ಳಿಗಿಟ್ಟು ಸುತ್ತಿಗೆಯಲ್ಲಿ ಎರಡು ಏಟು. ಕೂತಿತು. ಕಡೆದು, ಅರಗಿನ ಕಡ್ಡಿ ಒತ್ತಿ, ಬಿಸಿಗೆ ಬಣ್ಣ ಕರಗಿ ಹರಡಿ, ಕೇದಿಗೆ ಗರಿ ಹಿಡಿದು ಹೊಳಪು ಕೊಟ್ಟು, ಕತ್ತರಿಸಿ ಬುಟ್ಟಿಗೆ. ಅದೇ ತುಂಡಿನಲ್ಲಿ ಮುಂದಿನ ಬುಗುರಿ ಶುರು.

ಬೊಂಬೆ ಸಾಲಿನ ಪಾತ್ರೆಗೆ ಚಕ್ಕೇ ಬೇಕು ಅಂತಿಲ್ಲ ಅನ್ನೋದು ನನ್ನ ಮಾತು.

ಕಡಸಲು ಮೇಷ್ಟ್ರು

ಅಳಿಯಂದಿರ ಮಾತಿನಲ್ಲಿ ತೂಕ ಇದೆ. ಆಲೆ ಮರ ಮೃದು, ಎಳೆ ನೇರ, ತುಂಡು ಸಣ್ಣ. ಅದಕ್ಕೆ ಸುತ್ತಿಗೆ ಏಟು ಸಾಕು. ಬಟ್ಟಲಿನಲ್ಲಿ ಎಳೆ ಅಡ್ಡಲಾಗಿ ಓಡುತ್ತದೆ, ಅಗಲ ಜಾಸ್ತಿ. ಅಲ್ಲಿ ಈ ಉಪಾಯ ನಡೆಯುವುದಿಲ್ಲ.

ಆದರೆ ಚಕ್ ಬರುವವರೆಗೆ ಹೊಸಬರು ಕೈಕಟ್ಟಿ ಕೂರಬೇಕಾಗಿಲ್ಲ. ಫೇಸ್‌ಪ್ಲೇಟ್ ಇದೆ ಅಂದಿರಲ್ಲ? ಒಂದು ಬೇವಿನ ಹಲಗೆ ತುಂಡನ್ನು ಅದಕ್ಕೆ ಸ್ಕ್ರೂ ಹಾಕಿ, ಮುಖ ಚಪ್ಪಟೆ ಮಾಡಿ, ಒಣಗಿದ ಬಟ್ಟಲು ತುಂಡನ್ನು ಅದಕ್ಕೆ ಅಂಟಿಸಿ. ಮರಗೆಲಸದ ಬಿಳಿ ಅಂಟು ಸಾಕು. ಒಂದು ರಾತ್ರಿ ಕ್ಲಾಂಪ್‌ನಲ್ಲಿ ಇರಲಿ. ಮರದ ಸ್ಕ್ರೂ ಹಾಕಿ. ಜಿಪ್ಸಂ ಬೋರ್ಡಿಗೆ ಹಾಕುವ ಕರಿ ಸ್ಕ್ರೂ ಬೇಡ, ಅದರ ತಲೆ ಟಪ್ ಅಂತ ಮುರಿಯುತ್ತದೆ. ಹಸಿ ಮರಕ್ಕೆ ಮಾತ್ರ ಈ ಅಂಟು ಹಿಡಿಯುವುದಿಲ್ಲ.

ಬೋಗಾದಿ ಹೊಸಬ

ಎಲ್ಲರಿಗೂ ಶರಣು. ಇಷ್ಟು ದಿನ ಚಕ್ ಅಂದರೆ ಬೆಲೆ ಮಾತ್ರ ನೋಡುತ್ತಿದ್ದೆ. ಈಗ ಹೇಳಿ, ಯಾವ ಅಳತೆ, ಯಾವ ಕಂಪನಿ? ಹೆಸರಿಲ್ಲದ್ದು ತೆಗೆದುಕೊಂಡರೆ ತಪ್ಪಾ?

ಹೆಬ್ಬಾಳ ಟರ್ನರ್

ನಿಮ್ಮ ಲೇತ್‌ಗೆ 95-100 ಮಿ.ಮೀ. ಮೈ ಇರುವ ಚಕ್ ಸಾಕು. 120ರದ್ದು ಚೆಂದ ಕಾಣುತ್ತೆ, ಆದರೆ ಭಾರ. ಉದ್ದ ಜಾಸ್ತಿ ಆದಷ್ಟೂ ತುಂಡು ಬೇರಿಂಗ್‌ನಿಂದ ದೂರ ನೇತಾಡುತ್ತೆ, ನಡುಕ ಜಾಸ್ತಿ.

ಹೆಸರಾದವು ಅಂದರೆ ನ್ಯೂಜಿಲೆಂಡಿನ ನೋವಾ, ಕೆನಡಾದ ಒನ್‌ವೇ, ಆಸ್ಟ್ರೇಲಿಯಾದ ವಿಕ್‌ಮಾರ್ಕ್, ಇಂಗ್ಲೆಂಡಿನ ರೆಕಾರ್ಡ್ ಪವರ್. ನಮ್ಮ ವರ್ಕ್‌ಶಾಪ್‌ಗೆ ಬಂದ ಒಂದು ನೋವಾ ಜಿ3 ಬಿಚ್ಚಿ ನೋಡಿದ್ದೇನೆ. ಜಾಗಳನ್ನು ಒಟ್ಟಿಗೆ ಸರಿಸುವ ಸ್ಕ್ರೋಲ್‌ನ ಕೆಲಸ ನೀಟಾಗಿದೆ, ನಿಮ್ಮ ಅಳತೆಯ ಲೇತ್‌ಗೇ ಮಾಡಿದ್ದು. ದುಡ್ಡಿದ್ದರೆ ಹೆಸರಾದದ್ದು ತೆಗೆದುಕೊಳ್ಳಿ. ಕಾರಣ ಗಟ್ಟಿತನ ಒಂದೇ ಅಲ್ಲ. ಒಂದು ಕಂಪನಿ ಜಾ ಇನ್ನೊಂದಕ್ಕೆ ಹೊಂದುತ್ತೆ ಅಂತ ನಂಬೋ ಹಾಗಿಲ್ಲ. ಎರಡು ವರ್ಷ ಬಿಟ್ಟು ಸಣ್ಣ ಪಾತ್ರೆಗೆ ಪಿನ್ ಜಾ ಬೇಕು ಅಂದಾಗ, ಹೆಸರಿಲ್ಲದ ಚಕ್‌ಗೆ ಎಲ್ಲಿ ಹುಡುಕುತ್ತೀರಿ?

ಸಾಧ್ಯವಾದರೆ ಇನ್ಸರ್ಟ್ ಹಾಕುವ ಮಾದರಿ ನೋಡಿ. ಥ್ರೆಡ್ ಚಕ್‌ನ ಮೈಯಲ್ಲಿರಲ್ಲ, ಒಂದು ಉಂಗುರದಂಥ ತುಂಡಿನಲ್ಲಿರುತ್ತೆ. ಮುಂದೆ ಎಂ33 ಇರುವ ದೊಡ್ಡ ಲೇತ್ ತೆಗೆದುಕೊಂಡರೆ ಇನ್ಸರ್ಟ್ ಮಾತ್ರ ಬದಲಾಯಿಸಿದರಾಯಿತು. ನೇರ ಥ್ರೆಡ್ ಇರುವುದು ಒಂದು ಕೂದಲು ಜಾಸ್ತಿ ನಿಖರ ಅಂತ ವಾದ ಮಾಡುತ್ತಾರೆ. ಮರದಲ್ಲಿ ಆ ವ್ಯತ್ಯಾಸ ನಿಮಗೆ ಕಾಣಲ್ಲ.

ಹೆಸರಿಲ್ಲದ್ದು ತಪ್ಪೇನಲ್ಲ, ಆದರೆ ಲಾಟರಿ. ಗೆಳೆಯನೊಬ್ಬನಿಗೆ ಅಂತ ಆನ್‌ಲೈನ್‌ನಲ್ಲಿ ಒಂದು ತರಿಸಿದೆ. ಕೀ ತಿರುಗಿಸಿದರೆ ಮರಳು ಅರೆದ ಸದ್ದು. ಬಿಚ್ಚಿದರೆ ಸ್ಕ್ರೋಲ್ ತುಂಬ ಕಬ್ಬಿಣದ ಪುಡಿ, ಒಂದು ಜಾದ ಸ್ಕ್ರೂ ತೂತಿನಲ್ಲಿ ಥ್ರೆಡ್ಡೇ ಇಲ್ಲ. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಅರದಲ್ಲಿ ಅಂಚು ಉಜ್ಜಿ, ಟ್ಯಾಪ್ ಹೊಡೆದು ಸರಿ ಮಾಡಿದೆ. ಈಗ ಓಡುತ್ತಿದೆ. ನಿಮಗೆ ಟ್ಯಾಪ್ ಹೊಡೆಯೋಕೆ ಬರುತ್ತಾ?

ಯಾವುದೇ ಬರಲಿ, ಬಂದ ದಿನ ಹೀಗೆ ಮಾಡಿ. ಜಾ ಮೇಲೆ 1ರಿಂದ 4 ನಂಬರ್ ಇರುತ್ತೆ. ಅವು ಕೂರುವ ಸಂದಿಗೂ ನಂಬರ್ ಇರುತ್ತೆ. ಅದೇ ಕ್ರಮದಲ್ಲಿ ಹಾಕಬೇಕು. ತಪ್ಪಿದರೆ ಒಂದು ಜಾ ಮುಂದೆ, ಒಂದು ಹಿಂದೆ. ಆಮೇಲೆ ಒಂದು ನೇರವಾದ ಗುಂಡು ಸರಳು ಹಿಡಿಸಿ ಕೈಯಲ್ಲಿ ನಿಧಾನ ತಿರುಗಿಸಿ. ಉಳಿ ಒರಗಿಸುವ ಟೂಲ್ ರೆಸ್ಟ್ ಮೇಲೆ ಪೆನ್ಸಿಲ್ ಇಟ್ಟು ಸರಳಿಗೆ ತಾಗಿಸಿ ನೋಡಿ. ಗೆರೆ ಸುತ್ತಲೂ ಬಂದರೆ ಸರಿ. ಒಂದೇ ಕಡೆ ಬಂದರೆ, ಚಕ್ ಬೈಯುವ ಮುಂಚೆ ಸ್ಪಿಂಡಲ್‌ನ ಹೆಗಲು ಒರೆಸಿ. ಅಲ್ಲಿ ಒಂದು ಮರದ ಚೂರಿದ್ದರೂ ಚಕ್ ಓರೆ ಕೂರುತ್ತೆ.

ಕೀಯನ್ನು ಚಕ್‌ನಲ್ಲಿ ಬಿಟ್ಟು ಸ್ವಿಚ್ ಹಾಕಬೇಡಿ. ನಮ್ಮಲ್ಲಿ ಹೊಸ ಹುಡುಗರಿಗೆ ಮೊದಲ ದಿನ ಕಲಿಸುವುದು ಅದೊಂದೇ.

ಮಂಡ್ಯ ಮಾವು

ಹೊಸಬರೇ, ನಿಮ್ಮ ಹಲಸು ಹಸಿನಾ? ಹಸಿಯಾಗಿದ್ದರೆ ಈಗಲೇ ತೆಳು ಮಾಡಬೇಡಿ. ಎಂಟು ಇಂಚಿನ ಬಟ್ಟಲಿಗೆ ಗೋಡೆ ಮುಕ್ಕಾಲು ಇಂಚಿನಿಂದ ಒಂದು ಇಂಚು ಬಿಟ್ಟು ಒರಟಾಗಿ ಕಡೆದು, ಪಕ್ಕಕ್ಕಿಡಿ. ಗಾಳಿ ಜೋರಾಗಿ ಬೀಸುವ ಕಡೆ ಬೇಡ. ವಾರಕ್ಕೊಮ್ಮೆ ಅಡುಗೆಮನೆ ತಕ್ಕಡಿಯಲ್ಲಿ ತೂಗಿ ಬರೆಯಿರಿ. ತೂಕ ಇಳಿಯುವುದು ನಿಂತರೆ ಒಣಗಿತು. ಅಷ್ಟರಲ್ಲಿ ಬಟ್ಟಲು ಮೊಟ್ಟೆ ಆಕಾರ ಆಗಿರುತ್ತೆ, ಗೂಟವೂ ಮೊಟ್ಟೆ ಆಗಿರುತ್ತೆ. ಅದಕ್ಕೇ ಮೊದಲು ಗೂಟ 60 ಬಿಡಿ. ಒಣಗಿದ ಮೇಲೆ ಮತ್ತೆ ಗುಂಡು ಮಾಡಿ 53ಕ್ಕೆ ತನ್ನಿ. ಮೊದಲೇ 53 ಮಾಡಿದರೆ ಆಮೇಲೆ ಮಾಡೋಕೆ ಮರವೇ ಇರಲ್ಲ.

ದುಪಟ್ಟಾ, ಬಳೆ, ಶಲ್ಯ, ಯಾವುದೂ ಬೇಡ. ನಮ್ಮ ಮಾವ ಪಂಚೆಯಲ್ಲೇ ಲೇತ್ ಹತ್ತಿರ ಬಂದು ನಿಲ್ಲುತ್ತಾರೆ. ಅವರು ಹೋಗುವವರೆಗೆ ನಾನು ಸ್ವಿಚ್ ಹಾಕಲ್ಲ.

ಬೋಗಾದಿ ಹೊಸಬ

ಎರಡೂವರೆ ತಿಂಗಳಾಯಿತು, ಬರೆಯದೇ ಇದ್ದದ್ದಕ್ಕೆ ಕ್ಷಮಿಸಿ. ದಸರಾ ಮುಗಿಯಿತು.

100 ಮಿ.ಮೀ. ಚಕ್, ಕೀ ಇರುವುದು, ಇನ್ಸರ್ಟ್ ಮಾದರಿ ತೆಗೆದುಕೊಂಡೆ. ಎಟಿಎಂ ಚೀಟಿ ಅಳತೆ ಸರಿ ಇತ್ತು, ಮೊದಲ ಸಲಕ್ಕೇ ಕೂತಿತು. ಟರ್ನರ್ ಸಾರ್ ಹೇಳಿದ ಪೆನ್ಸಿಲ್ ಪರೀಕ್ಷೆಯಲ್ಲಿ ಮೊದಲು ಅರ್ಧ ಸುತ್ತು ಮಾತ್ರ ಗೆರೆ ಬಂತು. ಹೆಗಲು ಒರೆಸಿದೆ. ಪೂರ್ತಿ ಬಂತು.

ಮೇಷ್ಟ್ರ ಮಾತು ಕೇಳಿ ಬಟ್ಟಲಿಗೆ ಕೈ ಹಾಕುವ ಮುಂಚೆ ಬೇವಿನ ಚೂರುಗಳಲ್ಲಿ ಸುಮ್ನೆ ಗೂಟ ಮಾಡುತ್ತಾ ಕೂತೆ. ಹನ್ನೊಂದು ಗೂಟ. ಮೊದಲ ನಾಲ್ಕರಲ್ಲಿ ಎಂಟು ಹಲ್ಲಿನ ಗುರುತು ಎದ್ದಿತ್ತು. ಒಂಬತ್ತನೆಯದು ಜಾ ಒಳಗೆ ಕೂತಾಗ ಹೆಗಲು ಮುಖಕ್ಕೆ ಒತ್ತಿ ಬೆಳಕು ತೂರಲಿಲ್ಲ. ಆ ಚೂರನ್ನು ಎಸೆಯದೆ ಇಟ್ಟುಕೊಂಡಿದ್ದೇನೆ.

ಬೊಂಬೆ ಪಾತ್ರೆ ಆರು ಆದವು. ಆಲೆ ಮರದಲ್ಲೇ ಮಾಡಿದೆ, ಅಳಿಯಂದಿರಿಗೆ ಥ್ಯಾಂಕ್ಸ್. ಮಗಳು ಬಿಂದಿಗೆ ಸಣ್ಣದಾಯಿತು ಅಂದಳು.

ಇನ್ನು ಹಲಸಿನ ಬಟ್ಟಲು. ಮೂರು ತುಂಡಿನಲ್ಲಿ ಚಿಕ್ಕದು ಮಾತ್ರ ಒಣಗಿದೆ, ಐದು ಇಂಚು. ಅದನ್ನು ಹಿಡಿಸಿದೆ. ಗೂಟ 53, ಹೆಗಲು ಸರಿ, ವೇಗ ಲೆಕ್ಕದ ಪ್ರಕಾರ. ಒಳಗೆ ತೋಡಿದೆ. ಒಂದು ಸಲವೂ ಅಲುಗಾಡಲಿಲ್ಲ. ಹಳದಿ ಮರ ಎಣ್ಣೆ ಸವರಿದ ಮೇಲೆ ಜೇನಿನ ಬಣ್ಣ ಬಂತು. ಹೆಂಡತಿ ಫೋಟೋ ತೆಗೆದು ಅತ್ತೆಗೆ ಕಳಿಸಿದಳು.

ಆಮೇಲೆ ತಿರುಗಿಸಿ ಹಿಡಿದು ಗೂಟ ಕಡೆದು ತೆಗೆಯಲು ಹೊರಟೆ. ಅಲ್ಲೇ ಎಡವಟ್ಟಾಯಿತು. ಆಳ ಅಳೆಯುವಾಗ ಗೂಟದ ಎತ್ತರವನ್ನೂ ಸೇರಿಸಿಕೊಂಡು ಅಳೆದಿದ್ದೆ. ಗೂಟ ಹೋದ ಹಾಗೆ ತಳವೂ ಹೋಯಿತು. ಈಗ ಬಟ್ಟಲಿನ ತಳದಲ್ಲಿ ಒಂದು ರೂಪಾಯಿ ಅಗಲದ ತೂತು ಇದೆ. ಅತ್ತೆ ಬಂದಾಗ ಏನು ತೋರಿಸುವುದು?

ಮಂಡ್ಯ ಮಾವು

ಅಯ್ಯೋ! ನಾವೆಲ್ಲ ಒಂದೊಂದು ಆಲಿಕೆ ಮಾಡಿದವರೇ ಬಿಡಿ. ಅದರಲ್ಲಿ ಒಂದು ದೊಡ್ಡಪತ್ರೆ ಗಿಡ ನೆಟ್ಟುಬಿಡಿ. ನೀರು ಇಳಿಯೋಕೆ ತೂತು ಬೇಕೇ ಬೇಕಲ್ಲ, ಬೇಕಂತಲೇ ಬಿಟ್ಟಿದ್ದು ಅನ್ನಿ.

ಹೆಬ್ಬಾಳ ಟರ್ನರ್

ಸಾರ್, ತೂತು ಸರಿಯಾಗಿ ಮಧ್ಯದಲ್ಲಿದೆಯಾ?

ಬೋಗಾದಿ ಹೊಸಬ

ವರ್ನಿಯರ್ ಹಿಡಿದು ನೋಡಿದೆ. ಎಲ್ಲ ಕಡೆಯಿಂದಲೂ ಸಮ.

ಹೆಬ್ಬಾಳ ಟರ್ನರ್

ಹಾಗಾದರೆ ಚಕ್ ಚೆನ್ನಾಗಿದೆ.